ಜೋಲಿ ಮೊದಲು, ಸಿಲಿಂಡರ್ ಆಮೇಲೆ

ಜಗಳೂರಿನ ಹತ್ತಿ ಮಿಲ್ಲೊಂದರ ಅಂಗಳ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋಡೆಗುಂಟ ಸಾಲಾಗಿ ಇಟ್ಟಿರುವ ಕೆಂಪು ಬಕೆಟ್ಟುಗಳಿಗೆ ಒಂದೊಂದಾಗಿ ಕೈ ಹಾಕಿ ನೋಡುತ್ತಾ ಅಂಜಿನಮ್ಮ ಬರುತ್ತಿದ್ದಾರೆ. ಇಬ್ಬನಿಗೆ ಗಟ್ಟಿಯಾದ ಮರಳನ್ನು ಬೆರಳಲ್ಲೇ ಪುಡಿ ಮಾಡುತ್ತಾರೆ. ಬೀಡಿ ತುಂಡು ಸಿಕ್ಕರೆ ಆರಿಸಿ ಎಸೆಯುತ್ತಾರೆ. ಒಂದು ಬಕೆಟ್ಟಿನ ಮುಂದೆ ಮಾತ್ರ ಮೂಗು ಮುಚ್ಚಿಕೊಂಡು ನಿಲ್ಲುತ್ತಾರೆ. "ಬೆಕ್ಕು ರೀ. ಇಷ್ಟು ದೊಡ್ಡ ಊರಾಗೆ ಅದಕ್ಕೆ ನನ್ನ ಮರಳೇ ಬೇಕು," ಎಂದು ಗೊಣಗಿ, ಬಕೆಟ್ಟನ್ನು ಹಿತ್ತಲಿಗೆ ಒಯ್ದು ಸುರಿದು, ಹೊಸ ಮರಳು ತುಂಬಿ ತರುತ್ತಾರೆ.

ಕೆಲಸದ ಸೈರನ್ ಕೂಗುವುದರೊಳಗೆ ಅವರ ಇನ್ನೊಂದು ಸುತ್ತು ಮುಗಿಯಬೇಕು. ಗೋಡೆಗೆ ತೂಗುಹಾಕಿದ ಬೆಂಕಿ ಆರಿಸುವ ಸಿಲಿಂಡರುಗಳ ಮೂತಿಗೆ ಕಡ್ಡಿ ಆಡಿಸಿ ನೋಡುತ್ತಾರೆ. ಅಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಹಿಂದಿನ ಬಾಗಿಲಿಗೆ ಯಾರಾದರೂ ಹತ್ತಿ ತುಂಬಿದ ಅಂಡಿಗೆ ಒರಗಿಸಿದ್ದರೆ ಕಾವಲುಗಾರನನ್ನು ಎಬ್ಬಿಸಿ ತೆಗೆಸುತ್ತಾರೆ. ಇದಾದ ಮೇಲೆ ಸೆರಗು ಬಿಗಿದು, ಉಳಿದ ಹೆಂಗಸರ ಜತೆ ಹತ್ತಿ ಆರಿಸಲು ಕೂರುತ್ತಾರೆ. ಸಂಬಳ ಬರುವುದು ಆ ಕೆಲಸಕ್ಕೆ.

ಅಂಜಿನಮ್ಮನಿಗೆ ಈಗ ನಲವತ್ತೈದರ ಆಸುಪಾಸು. ಗಂಡ ಸಣ್ಣಪ್ಪ ಕುರಿ ಸಾಕುವವರು. ಈ ಕಡೆ ಮೇವು ಒಣಗಿತೆಂದರೆ ಮಂದೆ ಹೊಡೆದುಕೊಂಡು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಬಯಲಿಗೆ ಹೋಗಿ, ಕೊಯ್ಲಾದ ಗದ್ದೆಗಳಲ್ಲಿ ಕುರಿ ತರುಬಿ ನಿಲ್ಲಿಸುತ್ತಾರೆ. ಮನೆ, ಮಿಲ್ಲು ಎರಡೂ ಅಂಜಿನಮ್ಮನ ಪಾಲಿಗೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಈ ಸೀಮೆಯ ಮಿಲ್ಲುಗಳಲ್ಲಿ ಬೆಂಕಿ ಕಾವಲಿನವರನ್ನು ತಯಾರು ಮಾಡುತ್ತಿರುವುದು ಇವರೇ. ನ್ಯಾಮತಿಯ ಎಣ್ಣೆ ಗಾಣದ ಮಿಲ್ಲು, ದಾವಣಗೆರೆಯ ಅಕ್ಕಿ ಮಿಲ್ಲು, ಚನ್ನಗಿರಿಯ ಸಾಮಿಲ್ಲು, ಎಲ್ಲ ಕಡೆಯಿಂದಲೂ ಕರೆ ಬರುತ್ತದೆ. ಬಸ್ಸಿನ ಖರ್ಚು, ಒಂದು ಊಟ ಕೊಟ್ಟರೆ ಹೋಗಿಬರುತ್ತಾರೆ.

ಶುರುವಾದದ್ದು ೧೯೭೯ರಲ್ಲಿ. ಮಿಲ್ಲಿಗೆ ಹೊಸ ಸಿಲಿಂಡರುಗಳು ಬಂದಿದ್ದವು. ಅವನ್ನು ಬಳಸುವುದು ಹೇಗೆಂದು ಹೇಳಿಕೊಡಲು ದಾವಣಗೆರೆಯಿಂದ ಅಗ್ನಿಶಾಮಕ ದಳದ ಬಸವರಾಜಪ್ಪ ಬಂದರು. ಮೇಸ್ತ್ರಿ ಮರುಳಪ್ಪ, ಫಿಟ್ಟರು, ಕಾವಲುಗಾರ ಎಂದು ಗಂಡಸರನ್ನೇ ಸಾಲಾಗಿ ನಿಲ್ಲಿಸಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಂಜಿನಮ್ಮ ತಡೆಯಲಾರದೆ ಕೇಳಿದರು: "ಇವರೆಲ್ಲ ಊಟಕ್ಕೆ ಹೊರಗೆ ಹೋದಾಗ ಬೆಂಕಿ ಬಿದ್ರೆ ಯಾರು ಆರಿಸ್ತಾರ್ರಿ? ಒಳಗೆ ನಾವೇ ಇರ್ತೀವಲ್ಲ."

ಬಸವರಾಜಪ್ಪ ನಕ್ಕರಂತೆ. "ಹಂಗಾದ್ರೆ ನೀನೇ ಬಾರಮ್ಮ," ಎಂದು ಸಿಲಿಂಡರನ್ನು ಅವರ ಕೈಗೇ ಕೊಟ್ಟರು. ಮೇಲಿನ ಗುಂಡಿ ಗುದ್ದಿ, ತಲೆಕೆಳಗು ಮಾಡಿ ಹಿಡಿಯಬೇಕು. ಅಂಜಿನಮ್ಮ ಗುದ್ದಿದರು. ಒಳಗಿಂದ ಬುಸ್ಸೆಂದು ಸದ್ದು ಬಂದದ್ದೇ ತಡ, ಕೈಬಿಟ್ಟರು. ಅದು ನೆಲದ ಮೇಲೆ ಹೊರಳಾಡಿ ಮರುಳಪ್ಪನ ಪಂಚೆಯನ್ನೆಲ್ಲ ತೋಯಿಸಿತು.

"ಎಲ್ಲರೂ ನಕ್ಕರು. ನನಗೆ ಅಳು ಬಂತು. ಆ ಪುಣ್ಯಾತ್ಮ ಮಾತ್ರ ನಗಲಿಲ್ಲ. ಇನ್ನೂ ನೀರು ಐತೆ, ಎತ್ತಿಕೋ ತಾಯಿ ಅಂದ್ರು. ಎತ್ತಿಕೊಂಡೆ. ಅಷ್ಟೇ ನೋಡ್ರಿ," ಎನ್ನುತ್ತಾರೆ ಅಂಜಿನಮ್ಮ.

ಬಸವರಾಜಪ್ಪ ನಿವೃತ್ತರಾಗುವವರೆಗೂ ವರ್ಷಕ್ಕೆರಡು ಸಲ ಬಂದು ಹೇಳಿಕೊಟ್ಟರು. ಅರಳೆಗೆ ಹತ್ತಿದರೆ ನೀರು. ಮೋಟಾರಿಗೆ ಹತ್ತಿದರೆ ಮೊದಲು ಮೇನ್ ಸ್ವಿಚ್ಚು, ಆಮೇಲೆ ಮರಳು. ಬೆಂಕಿಯ ಜ್ವಾಲೆಗಲ್ಲ, ಬುಡಕ್ಕೆ ಹೊಡೆಯಬೇಕು. ಬೆನ್ನ ಹಿಂದೆ ಬಾಗಿಲು ಇರಬೇಕು. ಇದಕ್ಕೆಲ್ಲ ಅಂಜಿನಮ್ಮ ತಮ್ಮದೊಂದು ಸೇರಿಸಿದರು. ಮಿಲ್ಲಿನ ಹೆಂಗಸರು ಕೂಸುಗಳನ್ನು ಕರೆತಂದು, ಕಂಬಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಾರೆ. ಬೆಂಕಿ ಬಿದ್ದರೆ ಅಷ್ಟೂ ತಾಯಂದಿರು ಒಳಮುಖವಾಗಿ ಓಡುತ್ತಾರೆ, ಉಳಿದವರು ಹೊರಮುಖವಾಗಿ. ಬಾಗಿಲಲ್ಲಿ ತುಳಿದಾಟ. ಅದಕ್ಕೇ ಪ್ರತಿ ಜೋಲಿಗೂ ಹತ್ತಿರ ಕೆಲಸ ಮಾಡುವ ಒಬ್ಬರನ್ನು ಗೊತ್ತು ಮಾಡಿದರು. ಕೂಸನ್ನು ಎತ್ತಿಕೊಂಡು ಹೋಗುವುದು ಅವರ ಹೊಣೆ. ತಾಯಿ ಎಲ್ಲಿದ್ದಾಳೋ ಅಲ್ಲಿಂದಲೇ ನೆಟ್ಟಗೆ ಹೊರಗೆ ಹೋಗಬೇಕು.

ಯಾವ ತಾಯಿ ಇದಕ್ಕೆ ಒಪ್ಪುತ್ತಾಳೆ? ಹೊನ್ನಾಳಿ ಕಡೆಯಿಂದ ಹೊಸದಾಗಿ ಬಂದಿದ್ದ ಶಿವಗಂಗಮ್ಮ ಮುಖಕ್ಕೆ ಹೊಡೆದಂತೆ ಕೇಳಿದ್ದಳು: "ನಿನ್ನ ಮಗು ಆಗಿದ್ರೆ ಹಿಂಗೆ ಹೇಳ್ತಿದ್ದೇನಕ್ಕ?" ಅವಳ ಕೂಸನ್ನು ಎತ್ತಿಕೊಳ್ಳಲು ಗೊತ್ತಾಗಿದ್ದವರು ಹತ್ತಿಕಾಳು ಗುಡಿಸುವ ಮುದುಕಿ ಚೌಡಕ್ಕ.

ಎರಡು ವರ್ಷದ ಹಿಂದೆ, ೧೯೮೪ರ ಬೇಸಿಗೆಯಲ್ಲಿ, ಆ ಪ್ರಶ್ನೆ ನಿಜವಾಗಿಯೇ ಎದುರಿಗೆ ಬಂದು ನಿಂತಿತು. ಹತ್ತಿಯೊಳಗೆ ಸೇರಿಕೊಂಡಿದ್ದ ಕಬ್ಬಿಣದ ಚೂರೊಂದು ಯಂತ್ರಕ್ಕೆ ಸಿಕ್ಕಿ ಕಿಡಿ ಹಾರಿತು. ಗೋಡೆ, ತೊಲೆಗಳಿಗೆಲ್ಲ ಮೆತ್ತಿಕೊಂಡಿದ್ದ ಅರಳೆ ನವಿರಿನ ಮೇಲೆ ಬೆಂಕಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಓಡಿತು. ಅಂಜಿನಮ್ಮ ಮೇನ್ ಸ್ವಿಚ್ಚು ಇಳಿಸಿ ಕೂಗು ಹಾಕಿದರು. ಮರುಳಪ್ಪ, ಫಿಟ್ಟರು ಸಿಲಿಂಡರು ಹಿಡಿದು ಗೋದಾಮಿನ ಬಾಗಿಲಿಗೆ ನಿಂತರು. ಹೆಂಗಸರು ಕಲಿತಂತೆಯೇ ಹೊರಗೆ ಬಂದರು.

ಅಂಗಳದಲ್ಲಿ ಅಂಜಿನಮ್ಮ ಹೆಸರು ಕೂಗಿದರು. ಒಬ್ಬೊಬ್ಬರೂ ಓಗೊಟ್ಟರು. ಚೌಡಕ್ಕ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದರು. ಇಲ್ಲ. ಶಿವಗಂಗಮ್ಮ ಬಾಗಿಲಿಗೆ ನುಗ್ಗಿದಳು. ಅಂಜಿನಮ್ಮ ಅವಳ ಸೊಂಟ ಹಿಡಿದುಕೊಂಡರು. ಅವರ ಮುಂಗೈಗೆ ಹಲ್ಲು ಇಳಿಯುವಂತೆ ಕಚ್ಚಿದಳು. ಅಂಜಿನಮ್ಮ ಬಿಡಲಿಲ್ಲ.

"ಕೈ ನೋವು ಗೊತ್ತಾಗಲಿಲ್ಲ ರೀ. ಅವಳನ್ನ ಹಿಡಿದಿದ್ದೆ, ಆದ್ರೆ ನನಗೇ ಧೈರ್ಯ ಇರಲಿಲ್ಲ. ಮಗು ಒಳಗೇ ಐತೇನೋ, ನನ್ನ ಮಾತು ಕೇಳಿ ಇಬ್ಬರು ಹೋದರೇನೋ ಅಂತ. ಬಿಟ್ಟರೆ ಮೂವರು ಹೋಗ್ತಾರೆ, ಅದೊಂದೇ ತಲೆಯಾಗೆ ಇದ್ದದ್ದು."

ಶಿವಗಂಗಮ್ಮನನ್ನು ಇಬ್ಬರು ಹೆಂಗಸರ ಕೈಗೆ ಒಪ್ಪಿಸಿ, ಹೊಗೆಯೊಳಗೆ ಹೋಗದೆ, ಮಿಲ್ಲಿನ ಗೋಡೆ ಬಳಸಿಕೊಂಡು ಅಂಜಿನಮ್ಮ ಓಡಿದರು. ಹಿಂದಿನ ಬಾಗಿಲು ತೆರೆದಿತ್ತು. ಸುತ್ತ ಯಾರೂ ಇಲ್ಲ. ರಸ್ತೆ ದಾಟಿ ನೋಡಿದರೆ, ಹಿಟ್ಟಿನ ಗಿರಣಿಯ ಜಗುಲಿ ಮೇಲೆ, ನೆರಳಲ್ಲಿ, ಚೌಡಕ್ಕ ಕಾಲು ಚಾಚಿ ಕುಳಿತಿದ್ದಾರೆ. ತೊಡೆಯ ಮೇಲೆ ಕೂಸು ನಿದ್ದೆ ಮಾಡುತ್ತಿದೆ.

"ಅಷ್ಟು ಕೂಗಿದೆನಲ್ಲ ಅಜ್ಜಿ, ಯಾಕೆ ಓ ಅನ್ನಲಿಲ್ಲ?"

"ಮೆಲ್ಲಗೆ ಮಾತಾಡೇ," ಎಂದರಂತೆ ಚೌಡಕ್ಕ. "ನಾನು ಓ ಅಂದ್ರೆ ಕೂಸು ಏಳ್ತಿತ್ತು."

ಈ ಮಾತು ಹೇಳುವಾಗ ಅಂಜಿನಮ್ಮನಿಗೆ ಈಗಲೂ ನಗು ತಡೆಯುವುದಿಲ್ಲ. ನಗುನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. "ಮುದುಕಿ ಪಕ್ಕ ಹಂಗೇ ಕುಂತುಬಿಟ್ಟೆ. ಆಮೇಲೆ ನೆನಪಾತು, ಅಲ್ಲಿ ತಾಯಿ ಕಾಯ್ತಾ ಐತೆ ಅಂತ."

ಶಿವಗಂಗಮ್ಮ ಕೂಸನ್ನು ಇಸಿದುಕೊಂಡು, ಅಷ್ಟು ಜನರ ನಡುವೆ ರಸ್ತೆಯಂಚಿನಲ್ಲೇ ಕುಳಿತು ಹಾಲು ಕುಡಿಸಿದಳು. ಅಗ್ನಿಶಾಮಕ ವಾಹನ ದಾವಣಗೆರೆಯಿಂದ ಬರುವಷ್ಟರಲ್ಲಿ ಯಂತ್ರದ ಕೋಣೆಯ ಚಾವಣಿ ಕುಸಿದಿತ್ತು. ಗೋದಾಮು ಉಳಿದಿತ್ತು. ಜನರೆಲ್ಲರೂ ಉಳಿದಿದ್ದರು. ಆ ಸಂಜೆ ಮಿಲ್ಲಿನ ಮುಂದೆ ಮಸಿ ಮುಖದ ಹೆಂಗಸರು ಒಬ್ಬರನ್ನೊಬ್ಬರು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದರು ಎಂದು ಮರುಳಪ್ಪ ನೆನೆಯುತ್ತಾರೆ. "ನನಗೂ ನಗು ಬಂತು. ಯಾಕೆ ಅಂತ ಗೊತ್ತಿಲ್ಲ."

ಅಂದಿನಿಂದ ಅಂಜಿನಮ್ಮನ ಪಾಠ ಕೊಂಚ ಬದಲಾಗಿದೆ. ಯಾವ ಬಾಗಿಲಿಂದ ಹೊರಟರೂ ಎಲ್ಲರೂ ಸುತ್ತಿ ಬಂದು ಒಂದೇ ಕಡೆ ಸೇರಬೇಕು. ಹೆಸರು ಕರೆದರೆ ಓ ಅನ್ನಲೇಬೇಕು, ಕೂಸು ಎದ್ದರೂ ಸರಿ. ಹೊಸ ಕಟ್ಟಡ ಎಬ್ಬಿಸುವಾಗ ಮಾಲೀಕರು ಜೋಲಿಗಳಿಗೆಂದೇ ಅಂಗಳದಲ್ಲಿ ಒಂದು ಚಪ್ಪರ ಹಾಕಿಸಿಕೊಟ್ಟಿದ್ದಾರೆ. ಎಲ್ಲ ಕಡೆಯೂ ಹೀಗೆ ಸಲೀಸಾಗಿಲ್ಲ. ನ್ಯಾಮತಿಯಲ್ಲಿ ಗಂಡಸರು ಹೆಂಗಸಿನ ಪಾಠ ಬೇಡವೆಂದು ಎದ್ದು ಹೋದದ್ದುಂಟು. ಬಾಣಲೆಯಲ್ಲಿ ಎಣ್ಣೆಗೆ ಬೆಂಕಿ ಹಚ್ಚಿ ಮರಳು ಸುರಿದು ತೋರಿಸಿದಾಗ, ಬಾಗಿಲಾಚೆ ನಿಂತವರು ಮೆಲ್ಲಗೆ ಒಳಗೆ ಬಂದದ್ದೂ ಉಂಟು.

ಶಿವಗಂಗಮ್ಮ ಈಗ ಗಂಡನ ಜತೆ ಹೊನ್ನಾಳಿಗೆ ಮರಳಿದ್ದಾಳೆ. ಅಲ್ಲಿನ ಅಕ್ಕಿ ಮಿಲ್ಲಿನಲ್ಲಿ ಬೆಂಕಿ ಕಾವಲಿನವರಿಗೆ ಹೇಳಿಕೊಡುತ್ತಿರುವುದು ಅವಳೇ. ಅಂದು ಜೋಲಿಯಲ್ಲಿದ್ದ ಮಗಳು ಈಗ ಅಂಗಳದಲ್ಲಿ ಓಡಾಡುತ್ತಾಳೆ.

ನಿಮಗೇನು ಆಸೆ ಎಂದು ಕೇಳಿದರೆ ಅಂಜಿನಮ್ಮ ಬಸ್ಸಿನ ಮಾತು ತೆಗೆಯುತ್ತಾರೆ. "ನ್ಯಾಮತಿ ಬಸ್ಸು ಹೊನ್ನಾಳಿ ಮೇಲೇ ಹೋಗ್ತದೆ. ಒಂದ್ಸಲ ಅಲ್ಲಿ ಇಳಿದು, ಹೆಂಗಸರ ನಡುವೆ ಹಿಂದೆ ಕುಂತು, ಅವಳು ಹೇಳಿಕೊಡೋದು ನೋಡಬೇಕು. ನಾನು ಯಾರು ಅಂತ ಯಾರಿಗೂ ಗೊತ್ತಾಗಬಾರದು. ಏನಾರ ತಪ್ಪು ಹೇಳಿದ್ರೆ, ಹೊರಗೆ ಬಂದ ಮೇಲೆ ತಿದ್ದಿದ್ರಾತು."

ಸೈರನ್ ಕೂಗುತ್ತದೆ. ಅಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಏಳುತ್ತಾರೆ.

"ತಪ್ಪು ಹೇಳಾಕಿಲ್ಲ ಬಿಡ್ರಿ ಅವಳು. ಕಲಿಸಿದ್ದು ನಾನೇ ಅಲ್ವೇನ್ರಿ."