ರೊಟ್ಟಿಯ ರೊಕ್ಕ

1989ರಲ್ಲಿ ಎಂಟನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟೆ. ಅಪ್ಪ ಹಾಸಿಗೆ ಹಿಡಿದಿದ್ದ, ದುಡಿಯುವವರು ಬೇರೆ ಇರಲಿಲ್ಲ. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೂರು ಗುಡಿಸುತ್ತ ಶುರುಮಾಡಿದವನು ಸ್ವಂತ ಲೇತ್ ಮಷಿನ್ ಹಾಕಿಕೊಳ್ಳುವವರೆಗೆ ಬಂದೆ. ಅಮರಗೋಳದಲ್ಲಿ ಜಾಗ ಕೊಂಡು ನಾಲ್ಕು ಖೋಲಿಯ ಮನೆ ಕಟ್ಟಿದೆ. ಬಂದವರಿಗೆಲ್ಲ ಗೋಡೆ ತಟ್ಟಿ ಹೇಳುತ್ತಿದ್ದೆ: "ಇದರಾಗ ಒಂದ ಇಟ್ಟಂಗಿನೂ ಇನ್ನೊಬ್ಬರದಲ್ಲ."

ಹೆಂಡತಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಬಾಗಿಲಿಗೆ ಬಂದವರಿಗೂ ಮಾರುತ್ತಿದ್ದಳು. ಅದು ಅವಳ ಕೈಖರ್ಚಿನ ಕೆಲಸ ಎಂದುಕೊಂಡಿದ್ದೆ.

ಮನೆ ನನ್ನ ಹೆಸರಿನಲ್ಲಿತ್ತು. ಅದನ್ನು ಮಾರಿ ದೊಡ್ಡ ವರ್ಕ್‌ಶಾಪ್ ಹಾಕುವುದು, ನಾವಿಬ್ಬರು ಬಾಡಿಗೆ ಮನೆಗೆ ಹೋಗುವುದು ಎಂದು ಯೋಚಿಸಿದೆ. ಕೊಳ್ಳುವವನಿಂದ ಮುಂಗಡ ತೆಗೆದುಕೊಂಡು ಬಂದ ಮೇಲೆ ಅವಳಿಗೆ ಹೇಳಿದೆ.

ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತದೆ ಅಂದಳು: "ನಂದು ಅರ್ಧಾ ಬಿಟ್ಟು ನಿಮ್ಮ ಅರ್ಧಾ ಮಾರ್ರಿ."

"ನಿಂದೇನೈತಿ ಇದರಾಗ?"

"ಕೇಳವ್ರ ಮುಂದ ಹೇಳ್ತೇನಿ."

ಹೇಳಿಯೇ ಬಿಟ್ಟಳು. ಕೋರ್ಟಿನಿಂದ ನೋಟೀಸು ಬಂತು, ಮಾರಾಟಕ್ಕೆ ತಡೆ ಬಿತ್ತು. ತನ್ನ ರೊಟ್ಟಿಯ ರೊಕ್ಕದಲ್ಲಿ ಸಂಸಾರ ನಡೆದಿದೆ, ಗೌಂಡಿಯ ಕೂಲಿಯೂ ಅದರಲ್ಲೇ ಹೋಗಿದೆ, ಮನೆಯಲ್ಲಿ ಅರ್ಧ ತನ್ನದು ಎಂಬುದು ಅವಳ ದಾವೆ. ವಿಚ್ಛೇದನ ಕೇಳಿರಲಿಲ್ಲ. ನಮ್ಮ ವಕೀಲರಿಗೆ ಕೇಳಿದೆ: "ಸಂಸಾರ ಮಾಡ್ಕೋತನ ದಾವೆ ಹಾಕಬಹುದೇನ್ರಿ ಸಾಹೇಬ್ರ?"

"ಹಾಕ್ಯಾರಲ್ರಿ," ಎಂದರು. "ಮೊದಲು ಮನಿ ಬಿಟ್ಟು ಹೋಗಬೇಕಂತ ಯಾವ ಕಾನೂನಿನ್ಯಾಗೂ ಇಲ್ಲ."

ತಾರೀಖಿನ ದಿನ ಒಂದೇ ಬಾಗಿಲಿನಿಂದ ಹೊರಡುತ್ತಿದ್ದೆವು. ಅವಳು ಕೀಲಿ ಹಾಕುತ್ತಿದ್ದಳು, ನಾನು ಗಾಡಿ ಚಾಲೂ ಮಾಡುತ್ತಿದ್ದೆ. ಓಣಿಯ ಹುಡುಗರು ಬಿಡುತ್ತಿರಲಿಲ್ಲ: "ಕಾಕುಗ ಬಸ್ಸು ಫ್ರೀ ಐತಂತ ಗಾಡಿ ಮ್ಯಾಲೆ ಕೂಡಿಸ್ಕೊಳ್ಳಂಗಿಲ್ಲೇನ್ರಿ ಕಾಕಾ?" ನಾನು ತಿರುಗಿ ನೋಡುತ್ತಿರಲಿಲ್ಲ. ಅವಳು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಳು.

ಕಟಕಟೆಯಲ್ಲಿ ನನ್ನನ್ನು ಪ್ರಶ್ನಿಸಿದ್ದು ಅವಳ ಕಡೆಯ ವಕೀಲೆ, ನನಗೆ ಮಗಳಾಗುವ ವಯಸ್ಸಿನವಳು.

"ಯಜಮಾನ್ರ, ಮನಿ ಕಟ್ಟೂಮುಂದ ನಿಮ್ಮ ದುಡಿಮಿ ಎಲ್ಲಾ ಮನಿಗೇ ಹಾಕಿದ್ರಿ?"

"ಎಲ್ಲಾ. ಒಂದ ಪೈಸಾ ಬ್ಯಾರೆ ಖರ್ಚ ಮಾಡಿಲ್ಲ."

"ಹಂಗಾದ್ರ ಊಟಕ್ಕ ಏನ್ ಮಾಡಿದ್ರಿ?"

ನಮ್ಮ ವಕೀಲರು ಕೆಮ್ಮಿದರು.

"ರೊಟ್ಟಿ ಉಂಡೇನ್ರಿ."

"ಜ್ವಾಳ ಯಾರ ರೊಕ್ಕದ್ದು?"

ಹೆಂಡತಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಸುಳ್ಳು ಹೇಳಿ ಬದುಕಿದವನಲ್ಲ ನಾನು. "ಅಕಿದು," ಎಂದೆ. ಅದನ್ನೂ ಬರೆದುಕೊಂಡರು.

ನಾನು ಉಂಡ ಅನ್ನವನ್ನು ನಾಲ್ಕು ಮಂದಿಯ ಮುಂದೆ ತೂಗಿದ ಹಾಗಾಯಿತು. ಅವತ್ತು ಸಂಜೆ ಊಟಕ್ಕೆ ಕೂಡುವ ಮೊದಲು ಐವತ್ತರ ನೋಟು ತೆಗೆದು ರೊಟ್ಟಿಬುಟ್ಟಿಯ ಪಕ್ಕ ಇಟ್ಟೆ.

"ಇವತ್ತಿನಿಂದ ಪುಕ್ಕಟೆ ಉಣ್ಣಂಗಿಲ್ಲ ನಾ."

ನೋಟನ್ನು ಎಸೆಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಎಸೆದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಜಗಳವಾಗುತ್ತಿತ್ತು, ಮಾತಾದರೂ ಉಳಿಯುತ್ತಿತ್ತು. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಡಬ್ಬಿ ತೆಗೆದು, ಚಿಲ್ಲರೆ ಎಣಿಸಿ ನನ್ನ ಗಂಗಾಳದ ಪಕ್ಕ ಇಟ್ಟಳು.

"ಚಟ್ನಿಗೆ ರೊಕ್ಕ ಇಲ್ರಿ," ಎಂದಳು. "ಎಲ್ಲಾ ಗಿರಾಕಿಗೂ ಹಂಗ ಕೊಡ್ತೇನಿ."

ಮರುದಿನ ನೋಟು ಇಡದೆ ಇರಬಹುದಿತ್ತು. ಇಟ್ಟೆ. ಆಡಿದ ಮಾತನ್ನು ಹಿಂದೆ ತೆಗೆದುಕೊಂಡು ನನಗೆ ರೂಢಿಯಿಲ್ಲ. ಅವಳೂ ಚಿಲ್ಲರೆ ಇಟ್ಟಳು.

ಖಟ್ಲೆ ಇನ್ನೂ ನಡೆದಿದೆ. ಮುಂಗಡ ವಾಪಸ್ ಕೊಟ್ಟೆ, ದೊಡ್ಡ ವರ್ಕ್‌ಶಾಪಿನ ಆಸೆ ಬಿಟ್ಟೆ. ಈಗ ನನ್ನ ಹತ್ತಿರ ಇರುವುದು ಹಳೆಯ ಲೇತ್ ಒಂದು, ಮಾರಲಾಗದ ಮನೆ ಒಂದು, ಅದರಲ್ಲಿ ನಾನು ಮಲಗುವ ಖೋಲಿ ಒಂದು, ಆಚೆ ಖೋಲಿಯಲ್ಲಿ ಹೆಂಡತಿ ಒಬ್ಬಳು, ದಿನಕ್ಕೆ ರೊಕ್ಕ ಕೊಟ್ಟು ಉಣ್ಣುವ ನಾಲ್ಕು ರೊಟ್ಟಿ.