ಎರಡು ಸಲ ದೋಣಿ ಹತ್ತಿದವಳು

ಹೊಲಿಗೆ ಅಕ್ಕನಿಗೆ ಹದಿಮೂರು ದಿನದ ಕೂಲಿ ಇನ್ನೂ ಬರಬೇಕು. ಬೈಂಡಿಂಗ್ ಕಾರ್ಖಾನೆಯ ರಿಜಿಸ್ಟರಿನಲ್ಲಿ ಅದು ಕೊಟ್ಟಾಗಿದೆ. ಅವಳ ಕೈಗೆ ಬಂದಿಲ್ಲ. ಈ ಎರಡರ ನಡುವೆ ಒಬ್ಬ ಗಂಡ, ಒಬ್ಬ ಪ್ರಿಯಕರ ಮತ್ತು ಒಂದು ದಪ್ಪ ಕಾದಂಬರಿ ಕೂತಿವೆ.

ಅವಳು ಬೈಂಡಿಂಗಿಗೆ ಬಂದದ್ದು ಹತ್ತೊಂಬತ್ತರ ವಯಸ್ಸಿನಲ್ಲಿ, ಮದುವೆಯಾದ ಮರುತಿಂಗಳು. ಗಂಡ ಅಲ್ಲೇ ಕಟಿಂಗ್ ಮಷೀನಿನ ಮೇಲಿದ್ದ, ಆಮೇಲೆ ಮೇಸ್ತ್ರಿಯಾದ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಉದ್ದನೆಯ ಮೇಜಿನ ಮೇಲೆ ಒಂದನೇ ಫಾರಂ, ಎರಡನೇ ಫಾರಂ ಎಂದು ಸಾಲಾಗಿ ರಾಶಿ ಇಟ್ಟಿರುತ್ತಾರೆ. ಹೆಂಗಸರು ಮೇಜಿನ ಸುತ್ತ ನಡೆಯುತ್ತ ಪ್ರತಿ ರಾಶಿಯಿಂದ ಒಂದೊಂದು ಎತ್ತಿ ಜೋಡಿಸುತ್ತಾರೆ. ಸುತ್ತು ಮುಗಿದರೆ ಕೈಯಲ್ಲಿ ಒಂದು ಪುಸ್ತಕ. ಅದರ ಬೆನ್ನಿಗೆ ದಾರ ಹಾಕಿ ಹೊಲಿಯುವುದು ಅವಳ ಕೆಲಸ. ಈ ಕಥೆ ನಡೆಯುವ ಹೊತ್ತಿಗೆ ಇಪ್ಪತ್ತೊಂದು ವರ್ಷ ಹೊಲಿದಿದ್ದಳು. ಎಡಗೈ ಹೆಬ್ಬೆರಳಿನಲ್ಲಿ ದಾರ ಕೊಯ್ದ ಗೆರೆ ಒಂದಿದೆ. ಅದರಲ್ಲಿ ಬೆಂಕಿಕಡ್ಡಿ ನಿಲ್ಲಿಸಬಹುದು.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹದಿನೈದು ದಿನಕ್ಕೊಮ್ಮೆ ಕೂಲಿ, ಎರಡು ಭಾನುವಾರ ಬಿಟ್ಟು. ಗಂಡಸರ ಕವರು ಗಂಡಸರ ಕೈಗೆ. ಹೆಂಗಸರ ಕವರು ಅವರ ಮನೆಯ ಗಂಡಸಿನ ಕೈಗೆ. ಹೆಂಗಸರಿಗೆ ಸಾಲಿನಲ್ಲಿ ನಿಲ್ಲುವ ತೊಂದರೆ ಬೇಡವಂತೆ, ಗುಮಾಸ್ತನ ಕರುಣೆ ಅದು. ಅಂಟು ಬಳಿಯುವ ಮುದುಕಿಯನ್ನು ಎಲ್ಲರೂ ಅಂಟಿನ ಅಜ್ಜಿ ಎನ್ನುತ್ತಿದ್ದರು. ಅವಳ ಕವರಿಗೆ ಸಹಿ ಹಾಕುತ್ತಿದ್ದವನು ಅವಳ ಅಳಿಯ. ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡುವವಳಿಗೆ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಕಾಲು ನೋಯುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಮೇಸ್ತ್ರಿ ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಕುಡಿಯುತ್ತಿರಲಿಲ್ಲ. ಅವನು ಅಳೆಯುತ್ತಿದ್ದ. ಕಾರ್ಖಾನೆಯ ಗೇಟಿನಿಂದ ಮನೆಗೆ ಹನ್ನೊಂದು ನಿಮಿಷ. ಹದಿನೈದಾದರೆ ನಾಲ್ಕು ನಿಮಿಷ ಎಲ್ಲಿ ಹೋಯಿತು ಎಂದು ಹೇಳಬೇಕು. ಅವಳು ನಕ್ಕರೆ ಯಾಕೆ ನಕ್ಕೆ, ಸುಮ್ಮನಿದ್ದರೆ ಏನು ಯೋಚನೆ. ಮನೆಯಿದ್ದದ್ದು ಮಹಡಿಯ ಮೇಲೆ, ಒಂದೂವರೆ ಕೋಣೆ. ಬೀದಿಗೆ ಇದ್ದದ್ದು ಒಂದೇ ಕಿಟಕಿ. ಒಂದು ಭಾನುವಾರ ಅವನು ಕಾರ್ಖಾನೆಯಿಂದ ರಟ್ಟಿನ ಕಾಗದ, ಅಂಟಿನ ಡಬ್ಬಿ ತಂದು ಆ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿಬಿಟ್ಟ. ಬೈಂಡಿಂಗಿನವನ ಕೆಲಸ, ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಏಳು ವರ್ಷ ಅವಳು ಹಗಲಲ್ಲೂ ದೀಪ ಹಾಕಿ ಅಡುಗೆ ಮಾಡಿದಳು.

ಹಾಳೆಯ ಮಡಿಕೆಯನ್ನು ಒತ್ತಲು ಹೆಂಗಸರ ಕೈಯಲ್ಲಿ ಒಂದು ಮೂಳೆಯ ಪಟ್ಟಿ ಇರುತ್ತದೆ. ಒಂದು ದಿನ ಮೈಯಲ್ಲಿ ಹುಷಾರಿಲ್ಲವೆಂದು ಮನೆಯಲ್ಲೇ ಉಳಿದವಳು ಆ ಪಟ್ಟಿ ಹಿಡಿದು ಗಾಜಿನ ಕಾಗದವನ್ನು ಅಂಗೈಯಗಲ ಕೆರೆದಳು. ಕೆಳಗೆ ಕಾಗದದ ಕಟ್ಟು ಸಾಗಿಸುವ ವ್ಯಾನು ನಿಂತಿತ್ತು. ವ್ಯಾನಿನವನು ತಲೆಯೆತ್ತಿ ನೋಡಿದ.

ಮುಂದಿನದನ್ನು ನಾನು ಸಕ್ಕರೆ ಹಚ್ಚಿ ಹೇಳುವವನಲ್ಲ. ಅವಳು ಗಂಡನನ್ನು ಬಿಟ್ಟು ವ್ಯಾನಿನವನ ಜೊತೆ ಹೋದಳು. ಓಡಿಹೋಗಲಿಲ್ಲ, ಹಗಲು ಹನ್ನೊಂದಕ್ಕೆ ಟ್ರಂಕು ಹಿಡಿದು ಮೆಟ್ಟಿಲಿಳಿದು ಹೋದಳು. ಮಾರನೇ ದಿನ ಎಂಟಕ್ಕೆ ಸರಿಯಾಗಿ ಕೆಲಸಕ್ಕೆ ಬಂದಳು, ಅದೇ ಮೇಸ್ತ್ರಿಯ ಕೈಕೆಳಗೆ. ಬೀದಿಯವರು ಬಾಯಿಗೆ ಬಂದದ್ದೆಲ್ಲ ಅಂದರು. ಪ್ರೀತಿ ಇತ್ತೇ ಅಂದರೆ, ಇತ್ತು. “ಅವನು ಮೆಟ್ಟಿಲು ಹತ್ತೋ ಸದ್ದಿಗೇ ನನ್ನ ಮೈ ಬಿಸಿಯಾಗ್ತಿತ್ತು ಕಣ್ರೀ. ಸುಳ್ಳು ಯಾಕೆ ಹೇಳ್ಲಿ?” ಎಂದು ಅವಳೇ ಹೇಳಿದ್ದಾಳೆ, ತಲೆ ತಗ್ಗಿಸದೆ.

ಎರಡು ವರ್ಷ ಅದು ಉರಿಯಿತು. ಆಮೇಲೆ ಅವನಿಗೆ ಅನುಮಾನ ಶುರುವಾಯಿತು. ಗಂಡನನ್ನು ಬಿಟ್ಟವಳು ನನ್ನನ್ನೂ ಬಿಡುವುದಿಲ್ಲವೇ ಎಂದು ಕೇಳುತ್ತ ಕೇಳುತ್ತ ಕನ್ನಡಿ ಒಡೆದ, ಅವಳ ಟ್ರಂಕನ್ನು ಬೀದಿಗೆಸೆದ, ಅತ್ತ, ಕಾಲು ಹಿಡಿದ, ಮತ್ತೆ ಎಸೆದ. ಈ ನಡುವೆ ಅವಳ ಕವರು ಅವನ ಕೈಗೆ ಹೋಗುತ್ತಿತ್ತು. ಗುಮಾಸ್ತ ಗಂಡನ ಹೆಸರು ಹೊಡೆದು ಪ್ರಿಯಕರನ ಹೆಸರು ಬರೆದುಕೊಂಡಿದ್ದ. ಮೂರನೇ ಸಲ ಟ್ರಂಕು ಬೀದಿಗೆ ಬಿದ್ದಾಗ ಅವಳು ಅದನ್ನು ಎತ್ತಿಕೊಂಡು ಅಂಟಿನ ಅಜ್ಜಿಯ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಹೋದಳು. ಆ ಕೋಣೆಗೆ ಎರಡು ಕಿಟಕಿ.

ಅದೇ ವಾರ ಕಾದಂಬರಿ ಬಂತು.

ದೂರದ ದೇಶದ್ದು, ನೂರು ವರ್ಷ ಹಳೆಯದು, ಇಪ್ಪತ್ತೊಂದು ಫಾರಂ. ಸುಂಕದ ದೊಡ್ಡ ಅಧಿಕಾರಿಯೊಬ್ಬನ ಹೆಂಡತಿ, ಮನೆಯ ಗಡಿಯಾರ ರಿಪೇರಿಗೆ ಬಂದವನನ್ನು ಪ್ರೀತಿಸಿ ಮನೆ ಬಿಡುತ್ತಾಳೆ. ಆ ಪ್ರೀತಿ ಇಬ್ಬರನ್ನೂ ಸುಟ್ಟು ತಿನ್ನುತ್ತದೆ. ಹೆಂಗಸರು ಊಟದ ಹೊತ್ತಿನಲ್ಲಿ ಮಡಚಿದ ಫಾರಂಗಳನ್ನು ಸರದಿಯ ಮೇಲೆ ಓದುತ್ತಿದ್ದರು. ಇಪ್ಪತ್ತನೆಯದರಲ್ಲಿ ಆ ಅಧಿಕಾರಿಯ ಹೆಂಡತಿ ಪ್ರಿಯಕರನನ್ನೂ ಬಿಟ್ಟು, ಒಬ್ಬಳೇ, ನದಿ ದಾಟುವ ದೋಣಿ ಹತ್ತುತ್ತಾಳೆ. ಕೊನೆಯ ಫಾರಂ ಅಚ್ಚಾಗಿ ಬಂದದ್ದು ಎರಡು ದಿನ ತಡವಾಗಿ. ಬಂದ ದಿನ ಬೆಳಿಗ್ಗೆಯೇ ಅದರ ರಾಶಿಯನ್ನು ಮೇಜಿನ ತುದಿಗೆ ಇಟ್ಟಿದ್ದರು.

ಊಟದ ಹೊತ್ತಿಗೆ ಮೇಸ್ತ್ರಿ ಆ ರಾಶಿಯನ್ನು ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತನ್ನ ಸ್ಟೂಲಿನ ಪಕ್ಕ ಇಟ್ಟುಕೊಂಡ. ಚಹಾದ ಲೋಟವನ್ನು ಅದರ ಮೇಲಿಟ್ಟ. ಒಂದು ಫಾರಂ ಬಿಡಿಸಿ, ಗಂಟಲು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದ. ಹೆಂಗಸು ನಡುನದಿಯಲ್ಲಿ ದೋಣಿಯಿಂದ ಹಾರುತ್ತಾಳೆ. ನೀರಿನ ಮೇಲೆ ಅವಳ ಟೋಪಿ ತೇಲುತ್ತದೆ.

“ಕೇಳಿಸ್ತಾ?” ಎಂದ ಹೊಲಿಗೆ ಅಕ್ಕನ ಕಡೆ ನೋಡಿ. “ಹೊಸ್ತಿಲು ದಾಟಿದೋಳ ಕಥೆ ಇಷ್ಟೇ. ನಾನು ಹೇಳ್ತಿಲ್ಲ, ದೊಡ್ಡೋರು ಬರ್ದಿದ್ದಾರೆ.”

ಅಂಟಿನ ಅಜ್ಜಿಗೆ ಸಿಟ್ಟು ನೆತ್ತಿಗೇರಿತು. “ನಿನ್ನ ಬಾಯಿಗಿಷ್ಟು ಅಂಟು ಹಾಕ! ಒಂದು ವಾರದಿಂದ ಓದ್ತಾ ಇದ್ದೀವಿ, ಕೊನೇನೇ ಹೇಳ್ಬಿಟ್ಟೆಯಲ್ಲೋ!”

ಎಲ್ಲರೂ ನಕ್ಕರು. ಹೊಲಿಗೆ ಅಕ್ಕ ಊಟದ ಡಬ್ಬಿ ತೊಳೆದಿಟ್ಟು ಬಂದು ಹೇಳಿದಳು: “ಮೇಸ್ತ್ರಿಗಳೇ, ನನಗೆ ಈಜು ಬರುತ್ತೆ.”

ಅವನ ಮುಖ ಕೆಂಪಾಯಿತು. ಗಂಟೆ ಹೊಡೆಯಿತು. ಹೆಂಗಸರು ಮೇಜಿನ ಸುತ್ತ ನಡೆಯಲು ಶುರು ಮಾಡಿದರು. ತುದಿಯ ಜಾಗ ಖಾಲಿ ಇದ್ದದ್ದು ಕಂಡು ಮೇಸ್ತ್ರಿ ಗೋಡೆಬದಿಯ ಕಟ್ಟೊಂದನ್ನು ತಂದು ಧಡಾರನೆ ಅಲ್ಲಿಟ್ಟ. ಮಸಿ ಮಂಕಾಗಿದೆಯೆಂದು ಪಕ್ಕಕ್ಕೆ ಹಾಕಿದ್ದ ಇಪ್ಪತ್ತನೇ ಫಾರಮ್ಮಿನ ಕಟ್ಟು ಅದು. ಒಳ್ಳೆಯದು ಆಮೇಲೆ ಮತ್ತೆ ಅಚ್ಚಾಗಿ ಬಂದಿತ್ತು. ಅವನು ನೋಡಲಿಲ್ಲ.

ನೋಡುವುದೇ ಅವನ ಕೆಲಸವಾಗಿತ್ತು. ಪ್ರತಿ ಫಾರಮ್ಮಿನ ಬೆನ್ನಿನಲ್ಲಿ ಒಂದು ಕರಿ ಗುರುತು ಇರುತ್ತದೆ, ಹಿಂದಿನದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಕೆಳಗೆ. ಸರಿಯಾಗಿ ಜೋಡಿಸಿದರೆ ಪುಸ್ತಕದ ಬೆನ್ನ ಮೇಲೆ ಮೆಟ್ಟಿಲಿನ ಸಾಲು ಕಾಣುತ್ತದೆ. ಒಂದು ಮೆಟ್ಟಿಲು ತಪ್ಪಿದರೂ ಓದಲು ಬಾರದವನಿಗೂ ಗೊತ್ತಾಗುತ್ತದೆ. ಆ ಮಧ್ಯಾಹ್ನ ಮೇಸ್ತ್ರಿ ಹೆಂಡತಿಯ ಮುಖ ದುರುಗುಟ್ಟಿ ನೋಡುತ್ತಿದ್ದ, ಪುಸ್ತಕದ ಬೆನ್ನು ನೋಡಲಿಲ್ಲ. ಹೊಲಿಯುವ ಅವಸರದಲ್ಲಿ ಅವಳೂ ಗಮನಿಸಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಮೇಜಿನ ಮೇಲಿದ್ದ ರಾಶಿಗಳೆಲ್ಲ ಮುಗಿಯುವ ಹೊತ್ತಿಗೆ ಇನ್ನೂರ ಹನ್ನೆರಡು ಪುಸ್ತಕ ಆಗಿದ್ದವು. ಆಮೇಲೆ ಗೋದಾಮಿನಿಂದ ಸರಿಯಾದ ಫಾರಂ ಬಂತು.

ಎಂಟು ದಿನಕ್ಕೆ ಪ್ರಕಾಶಕ ಒಂದು ಪ್ರತಿ ಹಿಡಿದುಕೊಂಡು ಬಂದು ಯಜಮಾನರ ಮುಂದೆ ಕುಕ್ಕಿದ. ಹೆಂಗಸು ದೋಣಿ ಹತ್ತುತ್ತಾಳೆ. ಪುಟ ತಿರುಗಿಸಿದರೆ, ಮಂಕು ಮಸಿಯಲ್ಲಿ, ಮತ್ತೆ ಅದೇ ದೋಣಿ ಹತ್ತುತ್ತಾಳೆ. ಪುಸ್ತಕ ಅಲ್ಲಿಗೇ ಮುಗಿಯುತ್ತದೆ.

ಮೇಸ್ತ್ರಿ ಹೇಳಿದ: “ನನ್ನ ಹೆಂಡತಿ ಕೆಲಸ ಸಾರ್ ಇದು. ಬೇಕಂತಲೇ ಮಾಡಿದ್ದಾಳೆ. ಅವಳಿಗೆ ಆ ಕೊನೆ ಹಿಡಿಸ್ಲಿಲ್ಲ.”

ಆ ದಿನ ಮಧ್ಯಾಹ್ನ ಗೋದಾಮಿನ ಬಾಗಿಲಲ್ಲಿ ಅವಳನ್ನು ನಿಲ್ಲಿಸಿಕೊಂಡ. ದನಿ ತಗ್ಗಿಸಿದ್ದ. “ಮನೆಗೆ ಬಂದ್ಬಿಡು. ತಪ್ಪು ಅಚ್ಚಿನವರದ್ದು ಅಂತ ಹೇಳಿ ಮುಗಿಸ್ತೀನಿ. ಬರಲ್ಲ ಅಂದ್ರೆ ನಾಳೆ ನಿನಗೆ ಗೇಟು. ಈ ವಯಸ್ಸಲ್ಲಿ, ಈ ಹೆಸರು ಹೊತ್ಕೊಂಡು, ಯಾವ ಬೈಂಡಿಂಗಿನವನು ನಿನ್ನ ಒಳಗೆ ಬಿಟ್ಕೋತಾನೆ?”

ಅವನು ಹೇಳಿದ್ದು ನಿಜವೇ. ಆ ಊರಿನಲ್ಲಿ ಹೊಲಿಗೆ ಕೆಲಸ ಇದ್ದದ್ದು ಮೂರೇ ಕಡೆ, ಮೂವರು ಯಜಮಾನರೂ ಬೀಗರು. ಕೆಲಸ ಹೋದರೆ ಕೋಣೆ ಹೋಗುತ್ತದೆ. ಕೋಣೆ ಹೋದರೆ ಉಳಿಯುವುದು ಕಾಗದ ಅಂಟಿಸಿದ ಕಿಟಕಿ.

“ಆ ಗಾಜು ಕೆರೆದಿದ್ದನ್ನ ಮತ್ತೆ ಅಂಟಿಸಿದ್ಯಾ?” ಎಂದು ಕೇಳಿದಳು.

ಅವನು ಗೋದಾಮಿನ ಚಿಲಕ ಸರಿಮಾಡಲು ತಿರುಗಿದ. ಅಂಟಿಸಿದ್ದ.

“ಹಾಗಾದ್ರೆ ನಾಳೆ ಗೇಟಲ್ಲೇ ನೋಡ್ಕೊಳ್ಳೋಣ.”

ಮಾರನೇ ದಿನ ಯಜಮಾನರು ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದರು. ಅವಳು ಒಂದು ತಪ್ಪು ಪ್ರತಿಯ ಬೆನ್ನು ಕಿತ್ತು ತೋರಿಸಿದಳು. “ಈ ಗಂಟು ನಂದಲ್ಲ ಸಾರ್. ನಾನು ಒಳಗಡೆ ಗಂಟು ಹಾಕ್ತೀನಿ, ಇದು ಹೊರಗಡೆ ಇದೆ. ಐದು ಜನ ಹೊಲಿದಿದ್ದೀವಿ, ಐವರದ್ದೂ ತಪ್ಪಾಗಿದೆ. ಅಂದ್ರೆ ತಪ್ಪು ದಾರದಲ್ಲಿಲ್ಲ, ಮೇಜಿನ ಮೇಲಿದೆ. ಮೇಜಿಗೆ ಯಾರು ಮೇಸ್ತ್ರಿ?”

“ಸುಮ್ನಿರೇ!” ಎಂದ ಮೇಸ್ತ್ರಿ.

“ಇಪ್ಪತ್ತೊಂದು ವರ್ಷ ಇದ್ದೆ, ಸಾಕು.” ಅವಳು ಸ್ಟೂಲಿನ ಕಡೆ ನಡೆದಳು. ಬಗ್ಗಿ, ಕೆಳಗೆ ಹಳೆ ರಟ್ಟುಗಳ ನಡುವೆ ಸೇರಿಹೋಗಿದ್ದ ರಾಶಿಯನ್ನು ಎಳೆದಳು. ಮೇಲಿನ ಹಾಳೆಯ ಮೇಲೆ ಚಹಾ ಲೋಟದ ಗುಂಡನೆಯ ಕಲೆ. “ಆ ಹೆಂಗಸು ನದೀಲಿ ಮುಳುಗ್ಲಿಲ್ಲ ಸಾರ್. ಮೇಸ್ತ್ರಿಗಳ ಸ್ಟೂಲಿನ ಕೆಳಗೆ ಇದ್ದಾಳೆ. ಎಣಿಸ್ಕೊಳ್ಳಿ.”

ಎಣಿಸಿದರು. ಅವನು ಬಿಡಿಸಿ ಓದಿದ್ದೂ ಸೇರಿ ಇನ್ನೂರ ಹನ್ನೆರಡು. ಅಷ್ಟನ್ನೂ ಸ್ಟೂಲಿನ ಕೆಳಗೆ ಒಯ್ದವರು ಯಾರು ಎಂದು ಯಜಮಾನರು ಕೇಳಿದಾಗ ನಾಲ್ಕು ಹೆಂಗಸರು ಒಟ್ಟಿಗೆ ಬಾಯಿ ಬಿಟ್ಟರು. ಅಂಟಿನ ಅಜ್ಜಿಯ ದನಿ ಎಲ್ಲಕ್ಕಿಂತ ದೊಡ್ಡದಿತ್ತು.

ಕೆಲಸ ಉಳಿಯಿತು. ನ್ಯಾಯ ಅಲ್ಲಿಗೆ ಮುಗಿಯಿತು ಎಂದುಕೊಂಡರೆ ನಿಮಗೆ ಕಾರ್ಖಾನೆ ಗೊತ್ತಿಲ್ಲ. ಆ ಶನಿವಾರ ಅವಳು ಹದಿಮೂರು ದಿನದ ಕೂಲಿ ಕೇಳಿದಾಗ ಗುಮಾಸ್ತ ರಿಜಿಸ್ಟರ್ ತಿರುಗಿಸಿ ತೋರಿಸಿದ. “ಕೊಟ್ಟಾಯ್ತಲ್ಲಮ್ಮ. ನೀನು ವ್ಯಾನಿನವನ್ನ ಬಿಟ್ಟೆ ಅಂದ್ರು. ಅದಕ್ಕೆ ಮತ್ತೆ ಮೇಸ್ತ್ರಿ ಕೈಗೇ ಕೊಟ್ಟೆ. ಯಾವುದಾದ್ರೂ ಗಂಡಸಿನ ಹೆಸರು ಬೇಕಲ್ಲ?”

“ದಾರ ಎಳೆದಿದ್ದು ಯಾವ ಗಂಡಸು? ಅವನನ್ನ ಕರೀರಿ, ಬೆರಳು ತೋರಿಸ್ಲಿ.”

ಅವಳು ಹೋಗಿ ಜೋಡಿಸುವ ಮೇಜಿನ ಮೇಲೆ, ಮೊದಲನೇ ಫಾರಂ ಇಡುವ ಜಾಗದಲ್ಲಿ ಕೂತಳು. ಅವಳು ಅಲ್ಲಿ ಕೂತರೆ ಯಾವ ಪುಸ್ತಕವೂ ಶುರುವಾಗುವುದಿಲ್ಲ. ಅಜ್ಜಿ ಎರಡನೇ ಜಾಗದಲ್ಲಿ ಕೂತಳು. ಅರ್ಧ ಗಂಟೆಯಲ್ಲಿ ಮೇಜು ತುಂಬಿತು. ನಾವು ಕಾರ್ಮಿಕ ಸಂಘದವರು ಸುದ್ದಿ ಕೇಳಿ ಬಾವುಟ ಹಿಡಿದು ಓಡಿಬಂದಾಗ ಮಾಡಲು ಏನೂ ಉಳಿದಿರಲಿಲ್ಲ. ನಮ್ಮ ಕೈಗೆ ನೀರಿನ ಕೊಡ ಕೊಟ್ಟು ತುಂಬಿಸಿಕೊಂಡು ಬನ್ನಿ ಎಂದರು. ತಂದೆವು. ಎರಡು ದಿನ ಕೂತರು. ಮೂರನೇ ದಿನ ಯಜಮಾನರು ಬರೆದುಕೊಟ್ಟರು: ಇನ್ನು ಮುಂದೆ ಪ್ರತಿ ಹೆಂಗಸಿನ ಕೂಲಿ ಅವಳ ಕೈಗೇ, ಅವಳ ಸಹಿಗೇ.

ಇನ್ನು ಮುಂದೆ ಅಷ್ಟೆ. ಹಿಂದಿನ ಹದಿಮೂರು ದಿನ ಮೇಸ್ತ್ರಿಯ ಜೇಬಿನಲ್ಲೇ ಇದೆ. ಗಂಡ ಹೆಂಡಿರ ನಡುವಿನ ವಿಷಯ, ನಾವು ಬಾಯಿ ಹಾಕೋಲ್ಲ ಎನ್ನುತ್ತಾರೆ ಯಜಮಾನರು. ಅವಳು ಪ್ರತಿ ಕೂಲಿಯ ದಿನ ತನ್ನ ಕವರು ತೆಗೆದುಕೊಂಡ ಮೇಲೆ ಅಲ್ಲೇ ನಿಂತು, ಎಲ್ಲರೆದುರು ಕೇಳುತ್ತಾಳೆ: “ಮೇಸ್ತ್ರಿಗಳೇ, ಹದಿಮೂರು ದಿನದ್ದು?” ನಾಲ್ಕು ವರ್ಷದಿಂದ ಕೇಳುತ್ತಿದ್ದಾಳೆ. ಅವನು ನಾಲ್ಕು ವರ್ಷದಿಂದ ಚಪ್ಪಲಿ ನೋಡುತ್ತಿದ್ದಾನೆ.

ತಪ್ಪು ಪ್ರತಿಗಳನ್ನು ಪ್ರಕಾಶಕ ಅರ್ಧ ಬೆಲೆಗೆ ಫುಟ್‌ಪಾತಿಗೆ ಹಾಕಿದ. ಒಂದನ್ನು ಅವಳು ಕೊಂಡುಕೊಂಡಳು. ಎರಡು ಕಿಟಕಿಯ ನಡುವೆ ಗೂಡಿನಲ್ಲಿಟ್ಟಿದ್ದಾಳೆ. ಸರಿಯಾದ ಪ್ರತಿ ತಂದುಕೊಡಲೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ನಕ್ಕಳು. “ಯಾಕೆ? ಇದ್ರಲ್ಲಿ ಅವಳು ಎರಡು ಸಲ ಹೋಗ್ತಾಳೆ, ಒಂದು ಸಲಾನೂ ಸಾಯಲ್ಲ. ನನ್ನ ಲೆಕ್ಕಕ್ಕೆ ಇದೇ ಸರಿ ಇರೋದು.”

ಉಳಿದ ಇನ್ನೂರ ಹನ್ನೊಂದು ಎಲ್ಲೆಲ್ಲೋ ಇವೆ. ಒಂದು ನಿಮ್ಮ ಕಪಾಟಿನಲ್ಲಿದ್ದರೆ ಅದರ ಬೆನ್ನು ಸವರಿ ನೋಡಿ. ಗಂಟು ಹೊರಗೆ ಸಿಗದಿದ್ದರೆ ಆ ದಾರಕ್ಕೆ ಕೂಲಿ ಸಂದಿಲ್ಲ. ಆ ಪುಸ್ತಕ ನಿಮ್ಮಲ್ಲಿ ಇಲ್ಲದಿದ್ದರೂ ನಿಮ್ಮನ್ನು ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ದುಡಿಯುವ ಹೆಂಗಸು ಒಬ್ಬಳಿದ್ದಾಳೆ. ಅವಳ ಸಂಬಳ ಯಾರ ಕೈಯಲ್ಲಿದೆ? ನಿಮ್ಮ ಕೈಯಲ್ಲಿದ್ದರೆ ಈ ಹಾಳೆಯನ್ನು ಕೆಳಗಿಡಿ, ಎದ್ದು ಹೋಗಿ ಅವಳಿಗೆ ಕೊಟ್ಟು ಬನ್ನಿ. ಹಾಗೇ ಕಿಟಕಿಯನ್ನೂ ತೆಗೆಯಿರಿ.