ಸಿದ್ರಾಮನನ್ನು ಕರೆತರಲು ಅಕ್ಕಲಕೋಟೆಗೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಇಪ್ಪತ್ತನಾಲ್ಕು ಮೈಲಿ. ಕಾಶಿ, ಲಂಡನ್ನು ಅಂತ ತಿರುಗಿ ಬಂದು ಪುಸ್ತಕ ಬರೆಯುವವರು ನನ್ನನ್ನು ನೋಡಿ ನಗಬಹುದು. ನಗಲಿ. ನಾನು ನವಿ ಪೇಠದಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನು. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಏಳುವುದು ಊಟಕ್ಕೆ. ನನ್ನಂಥವನಿಗೆ ಇಪ್ಪತ್ತನಾಲ್ಕು ಮೈಲಿಯೇ ದೇಶಾಂತರ. ಎಪ್ಪತ್ತರ ದಶಕದ ಮಾತು, ದೊಡ್ಡ ಬರ ಕಳೆದು ಮಳೆ ಚೆನ್ನಾಗಿ ಹಿಡಿದ ವರ್ಷ. ದೀಪಾವಳಿ ಮುಗಿದ ಮೊದಲ ರವಿವಾರ ನಾವು ಹೊರಟದ್ದು ಒಬ್ಬ ಆಟಗಾರನನ್ನು ಹಿಂದಕ್ಕೆ ಕರೆತರಲು.

ಅವನ ಹೆಸರು ಸಿದ್ರಾಮ. ನಾಗಣಸೂರಿನವನು, ಇಪ್ಪತ್ತೆರಡರ ಪ್ರಾಯ. ಬಟ್ಟೆ ಗಿರಣಿಯ ಹಳದಿ ಅಂಗಿಯ ಫುಟ್‌ಬಾಲ್ ತಂಡದಲ್ಲಿ ಮುಂದಿನ ಸಾಲಿನ ಆಟಗಾರ. ಬೂಟು ಹಾಕುತ್ತಿರಲಿಲ್ಲ. ಬರಿಗಾಲಲ್ಲಿ ಚೆಂಡು ಹಿಡಿದು ಎಡಬದಿಯಿಂದ ಓಡಿದನೆಂದರೆ ಮೈದಾನದ ಗೋಡೆಯ ಮೇಲೆ ಕೂತ ನಾವೆಲ್ಲ ಉಸಿರು ಬಿಡುವುದನ್ನೇ ಮರೆಯುತ್ತಿದ್ದೆವು. ಆ ಓಟವನ್ನು ನಾನು ಎಷ್ಟೋ ಸಲ ಮಧ್ಯಾಹ್ನದ ನಿದ್ದೆಯಲ್ಲಿ ಕಂಡಿದ್ದೇನೆ. ಹೆಂಡತಿ ಬಂದು ಎಬ್ಬಿಸಿದರೆ ಸಿಟ್ಟು ಬರುತ್ತಿತ್ತು.

ಗಿರಣಿಯಲ್ಲಿ ಅವನು ಬದಲಿ. ಅಂದರೆ ಖಾಯಂ ಕೆಲಸಗಾರ ಬಾರದ ದಿನ ಅವನ ಮಗ್ಗಕ್ಕೆ ನಿಲ್ಲುವವನು. ಬೆಳಗಿನ ಪಾಳಿಯ ಸೈರನ್ನು, ಆ ಭೋಂಗಾ, ಕೂಗುವ ಮೊದಲೇ ಗೇಟಿನ ಮುಂದೆ ಸಾಲಾಗಿ ನಿಲ್ಲಬೇಕು. ಎಲ್ಲರೂ ಕೆಲಸಕ್ಕೆ ಬಂದಿದ್ದರೆ ಬಂದ ದಾರಿ ಹಿಡಿಯಬೇಕು. ಕೆಲಸ ಸಿಗದ ಹುಡುಗ ಊರಲ್ಲಿ ನಿಲ್ಲುವುದಿಲ್ಲ, ತಂಡದಲ್ಲೂ ಉಳಿಯುವುದಿಲ್ಲ. ಇದನ್ನು ಮೊದಲು ಯೋಚಿಸಿದವರು ಧೋಂಡಿ ಮಾಮಾ. ವಳಸಂಗದವರು, ದಿನಾ ಬಸ್ಸಿನಲ್ಲಿ ಬಂದು ಹೋಗುವ ನೇಕಾರರು, ತಂಡದ ಹಳೆಯ ಹುಚ್ಚು ಅಭಿಮಾನಿ. ಹನ್ನೆರಡು ಮಂದಿ ನೇಕಾರರನ್ನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ದಿನಾ ಒಬ್ಬ ಜಡ್ಡ ಬೀಳ್ರಿ."

ಅಂದಿನಿಂದ ದಿನಕ್ಕೊಬ್ಬನಿಗೆ ಸುಳ್ಳು ಜ್ವರ, ದಿನಕ್ಕೊಬ್ಬನ ಮನೆಗೆ ಬೀಗರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ ಸಿದ್ರಾಮನಿಗೆ ಹತ್ತು ತಿಂಗಳು ಒಂದು ದಿನವೂ ಕೆಲಸ ತಪ್ಪಲಿಲ್ಲ. ಯಾರಾದರೂ ತಮ್ಮ ಪಾಳಿ ತಪ್ಪಿಸಿದರೆ ಮಾಮಾ ತಾವೇ ಜಡ್ಡು ಬೀಳುತ್ತಿದ್ದರು. ಹುಡುಗನಿಗೆ ಈ ಗುಟ್ಟು ತಿಳಿಯಕೂಡದೆಂದು ಎಲ್ಲರಿಂದಲೂ ಆಣೆ ಮಾಡಿಸಿದ್ದರು. ನಾನು ಮಾತ್ರ ಚಹಾ ಬಿಟ್ಟರೆ ಏನೂ ಕೊಟ್ಟವನಲ್ಲ. ನನ್ನ ಅಂಗಡಿಗೆ ನಾನು ಗೈರುಹಾಜರಾದರೆ ಯಾರಿಗೇನು ಲಾಭ? ಆ ನಾಚಿಕೆ ಆಗಲೂ ಇತ್ತು, ಈಗಲೂ ಇದೆ.

ಹೀಗಿರುವಾಗ ಸಿದ್ರಾಮ ಒಂದು ದಿನ ಗೇಟಿಗೆ ಬರಲಿಲ್ಲ. ಎಂಟು ದಿನವಾಯಿತು. ಅಕ್ಕಲಕೋಟೆಯ ಎಣ್ಣೆ ಕಾರಖಾನೆಯೊಂದರಲ್ಲಿ ಖಾಯಂ ಕೆಲಸ ಸಿಕ್ಕಿದೆಯಂತೆ, ಆ ಮಾಲಕನಿಗೂ ಒಂದು ತಂಡ ಇದೆಯಂತೆ ಎಂದು ಸುದ್ದಿ ಬಂತು. ನಾವು ಹೊರಟ ರವಿವಾರದ ಮುಂದಿನ ರವಿವಾರ ನಮ್ಮ ಪಂದ್ಯ ಇದ್ದದ್ದೇ ಆ ತಂಡದ ಮೇಲೆ.

ಬೆಳಗಿನ ಏಳು ಗಂಟೆಯ ಕೆಂಪು ಬಸ್ಸು ಹತ್ತಿದವರು ನಾನು ಮತ್ತು ಮಲ್ಲೇಶಿ. ಮಲ್ಲೇಶಿಯೂ ನೇಕಾರ, ಇಪ್ಪತ್ತೆಂಟರ ಬಿಸಿರಕ್ತ. ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡೇ ಇರುತ್ತಿತ್ತು. ಟಿಕೀಟು ತಲಾ ಎರಡು ರೂಪಾಯಿಯ ಒಳಗೇ ಮುಗಿಯಿತು. ಹೊರಗೆ ಮಂಜು, ಗಿರಣಿಯ ಚಿಮಣಿಯ ಹೊಗೆಯೂ ಅದರಲ್ಲಿ ಬೆರೆತು ಊರು ಇನ್ನೂ ಕಣ್ಣು ಬಿಟ್ಟಿಲ್ಲವೆನಿಸುತ್ತಿತ್ತು. ಊರಂಚಿನ ನಾಕಾ ದಾಟುತ್ತಲೇ ಎರಡೂ ಬದಿಗೆ ಮೊಣಕಾಲೆತ್ತರದ ಜೋಳ, ಕರಿ ಮಣ್ಣು, ಒದ್ದೆ ಗಾಳಿ.

ಮಲ್ಲೇಶಿ ಜೇಬಿನಿಂದ ಒಂದು ರಟ್ಟು ತೆಗೆದ. ನನ್ನ ಅಂಗಡಿಯ ಸೀರೆ ಡಬ್ಬಿಯ ರಟ್ಟೇ. ಅದರ ಮೇಲೆ ಮುಂದಿನ ಮೂರು ಪಂದ್ಯ ಬರೆದಿದ್ದ: ಅಕ್ಕಲಕೋಟೆ, ಬಾರ್ಶಿ, ಪಂಢರಪುರ.

"ನೋಡ್ರಿ ಸಾವಕಾರ್ರ, ಬಾರ್ಶಿದವರ ಕಾಲಾಗ ದಮ್ಮಿಲ್ಲ. ಅರ್ಧಾ ಆಟಕ್ಕ ಕುಂತಬಿಡ್ತಾರ. ಪಂಢರಪುರದವರು ಗಟ್ಟಿ ಅದಾರ, ಖರೆ ಅವರು ನಮ್ಮ ಮೈದಾನಕ್ಕ ಬರಬೇಕು. ಅಕ್ಕಲಕೋಟ ಒಂದ ದಾಟಿದ್ರ ಕಪ್ಪು ನಮ್ದ. ಸಿದ್ಯಾ ಬರಬೇಕು, ಬಸ್."

"ಬರದಿದ್ದರೆ?"

"ಅಪಶಕುನ ನುಡೀಬ್ಯಾಡ್ರಿ. ಅವ ಬರದಿದ್ರ ಕ್ಯಾಪ್ಟನ್ನ ಮುಂದ ಆಡ್ತಾನ. ಅವನ ಆಟ ನೀವ ನೋಡೀರಲಾ, ಎಮ್ಮಿ ಕೆರಿಗಿ ಇಳದಂಗ."

ಕ್ಯಾಪ್ಟನ್ ಎಂದರೆ ಜಾಬರನ ಹೆಂಡತಿಯ ತಮ್ಮ. ಮಗ್ಗದ ಖಾತೆಯಲ್ಲಿ ಯಾರಿಗೆ ಕೆಲಸ, ಯಾರಿಗೆ ಇಲ್ಲ ಎಂದು ಹೇಳುವವನು ಜಾಬರ. ಸಿದ್ರಾಮ ಖಾಯಂ ಆದರೆ ತಂಡದಲ್ಲಿ ಭಾವಮೈದುನನ ಜಾಗ ಹೋದೀತೆಂದು ಅವನಿಗೆ ಹೊಟ್ಟೆಯುರಿ. ಇದು ಊರಿಗೇ ಗೊತ್ತಿದ್ದ ಮಾತು. ಆಮೇಲೆ ಮಲ್ಲೇಶಿ ಕಿವಿಯಲ್ಲಿ ಹೇಳಿದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ನಮ್ಮ ಗೋಲಕೀಪರ ಅಂಬಾದಾಸಗ ಬುಧವಾರ ಮಗ್ಗದ ಲಾಳಿ ಹಾರಿ ಬಂದು ಎಡಗೈಗಿ ಬಡದದ. ಮಣಿಕಟ್ಟು ಊದೇದ. ನೆಲಾ ಹಿಡದು ಎಡಕ್ಕ ಚೆಂಡ ಬಂದ್ರ ಅವನ ಕೈಲೆ ಆಗಂಗಿಲ್ಲ. ಹೇಳಿದ್ರ ಜಾಬರ ತನ್ನ ಮನಷ್ಯಾನ್ನ ನಿಂದ್ರಸ್ತಾನ, ಅವಂತೂ ಕಣ್ಣಮುಚ್ಚಿ ಆಡಾಂವ. ಅದಕ್ಕ ಮುಚ್ಚಿಟ್ಟೀವಿ. ಅಂಬಾದಾಸಗ, ನನಗ, ಧೋಂಡಿ ಮಾಮಾಗ ಅಷ್ಟ ಗೊತ್ತು. ಅಕ್ಕಲಕೋಟ್ಯಾಗ ಉಸರ ಬಿಡಬ್ಯಾಡ್ರಿ, ನಿಮ್ಮ ಬಾಯಿ ಬೋರಲ ಇಟ್ಟ ಕೊಡ ಇದ್ದಂಗ."

ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಆದರೆ ಮಾತು ಸುಳ್ಳಲ್ಲ.

"ಇನ್ನೊಂದ್ರಿ," ಎಂದ ಮಲ್ಲೇಶಿ, ದನಿ ಇಳಿಸಿ. "ಜಾಬರಗ ಸಂಶೆ ಬಂದದ. ಜಡ್ಡ ಬೀಳಾವರು ಎಲ್ಲಾರೂ ಫುಟ್‌ಬಾಲದವರ ಯಾಕ ಅಂತ. ಇನ್ನೊಂದ ದಿನಾ ತಪ್ಪಿಸಿ ಖಾಡೆ ಬಿದ್ರ ನಿನ್ನ ಬದಲಿ ಮಾಡ್ತೀನಿ ಅಂತ ಮಾಮಾಗ ಖಡಕ್ ಹೇಳ್ಯಾನ. ಈ ವಯಸ್ಸಿನ್ಯಾಗ ಗೇಟಿನ ಮುಂದ ನಿಂದರಬೇಕು. ಮಾಮಾ ಕೇಳಬೇಕಲ್ಲ? ಸಿದ್ಯಾ ಬಂದ್ರ ಸೋಮವಾರದ ಖಾಡೆ ನಂದ ಅಂತಾರ."

ವಳಸಂಗ ಬಂತು. ಮಂಜಿನಲ್ಲಿ ಬಿಳಿ ಟೊಪ್ಪಿಗೆಯೊಂದು ಮೊದಲು ಕಂಡು, ಆಮೇಲೆ ಅದರ ಕೆಳಗೆ ಧೋಂಡಿ ಮಾಮಾ ಕಂಡರು. ಬಗಲಲ್ಲಿ ಕಡಕ್ ರೊಟ್ಟಿಯ ಗಂಟು. ಹತ್ತಿ ಕೂತವರೇ, "ಅವಗ ನಮ್ಮ ಮನಿ ಶೇಂಗಾ ಚಟ್ನಿ ಅಂದ್ರ ಜೀವ," ಎಂದರು. ನಾನು ಕಿಟಕಿಗೆ ತಲೆ ಆನಿಸಿದೆ. ಬಿಸಿಲು ಎಳೆಎಳೆಯಾಗಿ ಇಳಿಯುತ್ತಿತ್ತು. ಅರೆನಿದ್ದೆಯಲ್ಲಿ ಜೋಳದ ಹೊಲಗಳ ತುಂಬ ಹಳದಿ ಅಂಗಿಗಳು ಓಡಿದವು, ಬದುಗಳೆಲ್ಲ ಮೈದಾನದ ಗೆರೆಗಳಾದವು, ಬಾರ್ಶಿಯವರು ಸೋತರು, ಪಂಢರಪುರದವರೂ ಸೋತರು. ಕಂಡಕ್ಟರು ಮರಾಠಿಯಲ್ಲಿ "ಉತರಾ, ಉತರಾ", ಇಳಿಯಿರಿ ಎಂದು ಎಬ್ಬಿಸಿದಾಗ ಕಪ್ಪು ಇನ್ನೂ ನನ್ನ ಕೈಯಲ್ಲೇ ಇತ್ತು.

ಅಕ್ಕಲಕೋಟೆ ನಿಧಾನದ ಊರು. ಟಾಂಗಾದ ಕುದುರೆಗೂ ಅವಸರವಿಲ್ಲ. ಹೆಂಡತಿ ಹೇಳಿದ್ದರಿಂದ ಆಲದ ಮರದ ಕೆಳಗಿನ ಸ್ವಾಮಿಯ ಗುಡಿಗೆ ಹೋಗಿ ಕೈಮುಗಿದೆ. ಮಾಮಾ ಒಳಗೆ ಬರಲಿಲ್ಲ, "ನೀವು ಹೋಗಿ ಬರ್ರಿ, ನಾ ಚಪ್ಪಲ ಕಾಯತೀನಿ" ಎಂದು ಕಟ್ಟೆಯ ಮೇಲೆ ಕೂತರು. ಆಮೇಲೆ ಹಳೆಯ ಅರಮನೆಯ ಹಿಂದಿನ ಬಯಲಿಗೆ ನಡೆದೆವು. ಕಣ್ಣಿಗೆ ಕಾಣುವ ಮೊದಲೇ ಚೆಂಡಿಗೆ ಕಾಲು ಬಡಿಯುವ ಸಪ್ಪಳ ಕೇಳಿಸಿತು. ಮಾಮಾ ನಿಂತುಬಿಟ್ಟರು.

"ಅವಂದ," ಎಂದರು. "ಬರಿಗಾಲ ಅದ."

ಸಿದ್ರಾಮ ಆ ಮಾಲಕನ ತಂಡದ ಕೆಂಪು ಅಂಗಿಯಲ್ಲಿದ್ದ. ನಮ್ಮನ್ನು ಕಂಡವನು ಚೆಂಡು ಅಲ್ಲೇ ಬಿಟ್ಟು ಓಡಿ ಬಂದು, ಹತ್ತಿರ ಬಂದ ಮೇಲೆ ಏನು ಮಾಡಬೇಕೆಂದು ತೋಚದೆ ಅಂಗಿಯ ಚುಂಗು ಹಿಡಿದು ನಿಂತ. "ಬರ್ರಿ ಮಾಮಾ. ಬರ್ರಿ ಸಾವಕಾರ್ರ," ಎಂದ.

ಬೇವಿನ ಗಿಡದ ಕೆಳಗೆ ಗಂಟು ಬಿಚ್ಚಿದೆವು. ರೊಟ್ಟಿ, ಚಟ್ನಿ, ಹಸಿ ಉಳ್ಳಾಗಡ್ಡಿ. ನೆರಳು ತಣ್ಣಗಿತ್ತು. ನಾಲ್ವರೂ ತಿಂದೆವು. ಕಡೆಗೆ ಮಲ್ಲೇಶಿಯೇ ತಡೆಯಲಾರದೆ, "ಹೇಳದ ಕೇಳದ ಓಡಿ ಬಂದಿಯಲ್ಲೋ, ಹಳದಿ ಅಂಗಿ ಏನ ಮಾಡಿತ್ತೋ ನಿನಗ?" ಎಂದ.

"ಏನೂ ಮಾಡಿಲ್ಲೋ ಅಣ್ಣಾ," ಎಂದ ಸಿದ್ರಾಮ. "ದಿನಾ ಮುಂಜಾನಿ ಗೇಟಿಗಿ ನಿಂತಾಗ ಸ್ವಾಮಿಗಿ ಬೇಡಕೊಂತಿದ್ದೆ, ಇವತ್ತೊಂದ ದಿನಾ ಕೆಲಸಾ ಕೊಡಪಾ ಅಂತ. ಹತ್ತ ತಿಂಗಳಾ ಒಂದ ದಿನಾನೂ ಖಾಲಿ ಕಳಸಲಿಲ್ಲ. ಉಳದ ಬದಲಿಗಳು ಅಳತಿದ್ರು, ನನಗ ಮಾತ್ರ ಸಿಗತಿತ್ತು. ಇಷ್ಟ ಕೃಪಾ ಮಾಡ್ಯಾನಲಾ ಅಂತ ಕಾಯಿ ಒಡಿಯಾಕ ಇಲ್ಲಿ ಬಂದೆ. ಅಲ್ಲೇ ಗುಡ್ಯಾಗ ಮಾಲಕರು ಭೆಟ್ಟಿ ಆದ್ರು, ಖಾಯಂ ಕೆಲಸಾ ಕೊಡ್ತೀನಿ ಅಂದ್ರು. ಇದೂ ಅವಂದ ಕೃಪಾ ಅಂತ ತಿಳಕೊಂಡೆ."

ನಾನು ಸುಮ್ಮನಿರಬೇಕಿತ್ತು. ಆಣೆ ನೆನಪಿತ್ತು. ಆದರೆ ಮಾಮಾರ ಮುಖ ನೋಡಿದೆ. ಅವರು ರೊಟ್ಟಿಯ ಪುಡಿಯನ್ನು ಬೆರಳಿಂದ ಒಟ್ಟುಗೂಡಿಸುತ್ತಿದ್ದರು.

"ಕೃಪಾ ಇಲ್ಲ ಗಿಪಾ ಇಲ್ಲ," ಎಂದುಬಿಟ್ಟೆ. "ಇಲ್ಲಿ ಕೂತಾರ ನೋಡು ನಿನ್ನ ಸ್ವಾಮಿ. ದಿನಾ ಒಬ್ಬ ನೇಕಾರ ಪಗಾರ ಬಿಟ್ಟು ಮನಿಯಾಗ ಕುಂತ, ಅದಕ್ಕ ನಿನಗ ಮಗ್ಗ ಸಿಕ್ಕತು. ಎಲ್ಲಾರಿಗಿಂತ ಹೆಚ್ಚ ಕುಂತಾವರು ಇವರು."

ಮಲ್ಲೇಶಿ ಹಣೆ ಹಣೆ ಬಡಿದುಕೊಂಡ. ಸಿದ್ರಾಮ ಮಾಮಾರನ್ನೇ ನೋಡಿದ. ಆ ಹತ್ತು ತಿಂಗಳ ಒಂದೊಂದು ಮುಂಜಾನೆಯೂ ಅವನ ಮುಖದಲ್ಲಿ ಹಾದುಹೋಗುವುದು ನನಗೆ ಕಂಡಿತು. ಎದ್ದು ಮಾಮಾರ ಕಾಲು ಹಿಡಿಯಲು ಬಗ್ಗಿದ. ಅವರು ಕಾಲು ಎಳೆದುಕೊಂಡರು.

"ಕಾಲ ಹಿಡೀಬ್ಯಾಡ. ನೀ ಆಡಿದಿ, ನಾವು ನೋಡಿದಿವಿ. ಮುಗೀತು."

"ನಾ ಬರತೀನಿ ಮಾಮಾ. ಈಗ ಬರತೀನಿ. ಮಾಲಕರಿಗಿ ಹೇಳಿ ಬರತೀನಿ," ಎಂದ ಸಿದ್ರಾಮ.

ಮಲ್ಲೇಶಿಯ ಕಣ್ಣು ಮಿಂಚಿದವು. ರಟ್ಟು ಆಗಲೇ ಅವನ ಕೈಗೆ ಬಂದಿತ್ತು. ನಾನಂತೂ ಬಾಯಿ ತಪ್ಪಿ ಆಡಿದ್ದೇ ಒಳ್ಳೆಯದಾಯಿತೆಂದು ಒಳಗೊಳಗೇ ಹಿಗ್ಗಿದೆ.

"ಬ್ಯಾಡ," ಎಂದರು ಮಾಮಾ.

ಬೇವಿನ ಎಲೆಯೊಂದು ಚಟ್ನಿಯ ಮೇಲೆ ಬಿತ್ತು. ಅವರು ಅದನ್ನು ತೆಗೆದು ಬಿಸಾಕಿದರು. "ಖಾಯಂ ಕೆಲಸಾ ಬಿಡಬ್ಯಾಡ. ನನಗ ಖಾಯಂ ಆಗಾಕ ಒಂಬತ್ತ ವರ್ಷ ಹಿಡೀತು. ಆ ಗೇಟಿನ ಮುಂದಿನ ಚಳಿ ನನಗ ಗೊತ್ತದ. ಆಟ ಇಲ್ಲೂ ಆಡಬಹುದು."

"ಮಾಮಾ, ಅದೇನ ಮಾತರಿ! ನಾವು ಬಂದದ್ದ ಯಾಕ?" ಮಲ್ಲೇಶಿ ಕೂಗಿದ.

"ಚಟ್ನಿ ಕೊಡಾಕ," ಎಂದು ಮಾಮಾ ಗಂಟು ಕಟ್ಟಿದರು.

ಮೂರೂವರೆಯ ಬಸ್ಸಿಗೆ ಸಿದ್ರಾಮ ನಮ್ಮನ್ನು ಹತ್ತಿಸಲು ಬಂದ. ಮಲ್ಲೇಶಿ ಮುಖ ಆಚೆ ತಿರುಗಿಸಿ ಕೂತಿದ್ದ. ಮಾಮಾ ಕಿಟಕಿಯ ಬದಿಗೆ, ನಾನು ಅವರ ಹಿಂದೆ. ಗಂಟೆ ಹೊಡೆಯಿತು, ಬಸ್ಸು ಹೊರಟಿತು. ಸಿದ್ರಾಮ ಮೊದಲು ನಡೆದ, ಆಮೇಲೆ ಓಡಲು ಹತ್ತಿದ. ಬರಿಗಾಲು, ಕೆಂಪು ಅಂಗಿ, ಇಳಿಬಿಸಿಲಲ್ಲಿ ಎದ್ದ ಹೊಂಬಣ್ಣದ ಧೂಳು. ಅದೇ ಓಟ. ಹೆಜ್ಜೆ ನೆಲಕ್ಕೆ ತಾಗುತ್ತಲೇ ಇಲ್ಲವೇನೋ ಎನಿಸುವ, ನಾನು ನಿದ್ದೆಯಲ್ಲಿ ಕಾಣುತ್ತಿದ್ದ ಓಟ. ಬಸ್ಸಿನೊಳಗಿನ ಹೆಂಗಸರೂ ತಿರುಗಿ ನೋಡಿದರು.

ಬೆಳಿಗ್ಗೆಯಿಂದ ದನಿ ಏರಿಸದ ಮಾಮಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರು.

"ಏ ಸಿದ್ಯಾ! ಅಂಬಾದಾಸಂದು ಎಡಗೈ ಊದೇದ! ನೆಲಾ ಹಿಡದು ಹೊಡಿ! ಅವನ ಎಡಕ್ಕ, ನೆಲಾ ಹಿಡದು!"

ಸಿದ್ರಾಮ ನಿಂತುಬಿಟ್ಟ. ಧೂಳು ಅವನನ್ನು ಮುಚ್ಚಿತು. ಮತ್ತೆ ತಿಳಿಯಾದಾಗ ಅವನು ತೀರ ಸಣ್ಣದಾಗಿದ್ದ, ಕೈ ಎತ್ತಿದ್ದನೋ ಕಣ್ಣು ಒರೆಸಿಕೊಳ್ಳುತ್ತಿದ್ದನೋ ತಿಳಿಯಲಿಲ್ಲ.

ಮಲ್ಲೇಶಿ ರಟ್ಟನ್ನು ಎರಡು ತುಂಡು ಮಾಡಿ ಕಾಲ ಕೆಳಗೆ ಹಾಕಿದ. ಬಹಳ ಹೊತ್ತು ಬುಸುಗುಟ್ಟಿದ. ವಳಸಂಗ ಹತ್ತಿರ ಬಂದಾಗ ತಡೆಯಲಾಗಲಿಲ್ಲ. "ಮಾಮಾ, ಬರೋ ರವಿವಾರ ಯಾರ ಕಡಿ ಕೂಡ್ತೀರಿ ಹೇಳಿಬಿಡ್ರಿ."

"ಯಾರ ಕಡಿ ಅಂದ್ರ? ಹಳದಿ ಕಡಿ. ಮೂವತ್ತ ವರ್ಷ ಎಲ್ಲಿ ಕುಂತೀನಿ, ಅಲ್ಲೇ."

"ಮತ್ತ ಅವ ನಮ್ಮ ಮ್ಯಾಲ ಗೋಲ ಹೊಡದ್ರ?"

ಬಸ್ಸು ನಿಂತಿತು. ಮಾಮಾ ಖಾಲಿ ಗಂಟು ಬಗಲಿಗೆ ಸಿಕ್ಕಿಸಿ ಇಳಿದರು. ಟೊಪ್ಪಿಗೆ ಸರಿಮಾಡಿಕೊಂಡು ಕಿಟಕಿಯ ಕೆಳಗೆ ಬಂದು ನಿಂತು ಮೇಲೆ ನೋಡಿದರು. ನಾಳೆ ಸೋಮವಾರ, ಇನ್ನು ಯಾರೂ ಜಡ್ಡು ಬೀಳಬೇಕಾಗಿರಲಿಲ್ಲ.

"ಹೊಡದ್ರ ಅಲ್ಲೋ," ಎಂದರು. "ಹೊಡೀತಾನ."

ನಾನು ಹಿಂದಿನ ಗಾಜಿನಿಂದ ನೋಡಿದೆ. ಜೋಳದ ಹೊಲದ ನಡುವಿನ ಕಾಲುದಾರಿಯಲ್ಲಿ ಮಾಮಾ ಮನೆಯ ಕಡೆ ನಡೆಯುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ, ತಮ್ಮನ್ನು ಯಾರೂ ನೋಡುತ್ತಿಲ್ಲವೆಂದುಕೊಂಡು, ದಾರಿಯ ಮೇಲಿನ ಹೆಂಟೆಯೊಂದನ್ನು ನೆಲ ಹಿಡಿದು ಎಡಕ್ಕೆ ಒದ್ದರು.